ಐದನೇ ತಿಂಗಳ ಗರ್ಭಪಾತ: ಮಾತ್ರೆಗಳ ನಡುವಿನ ಅಂತರ ಮತ್ತು ರಾಣೆಬೆನ್ನೂರಿನ ದಾರಿ

ಐದು ತಿಂಗಳ ಸ್ಕ್ಯಾನಿಂಗ್‌ನಲ್ಲಿ ಭ್ರೂಣದ ಗಂಭೀರ ದೋಷ ಕಂಡಾಗ ರಾಣೆಬೆನ್ನೂರು, ಬ್ಯಾಡಗಿ ಕಡೆಯ ಕುಟುಂಬಗಳು ದಾವಣಗೆರೆ ಅಥವಾ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯತ್ತ ನೋಡುತ್ತವೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾದ ಮೇಲೆ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ನಿಗದಿತ ವರ್ಗದ ಮಹಿಳೆಯರಿಗೆ 24 ವಾರಗಳವರೆಗೂ ಅವಕಾಶವಿದೆ, ಆದರೆ ಇಬ್ಬರು ವೈದ್ಯರು ಒಪ್ಪಬೇಕು. ಅನುಮತಿ ಸಿಕ್ಕ ಮೇಲೆ ಏಳುವ ಪ್ರಶ್ನೆ ಔಷಧಿಯದು: ಯಾವುದು, ಎಷ್ಟು, ಎಷ್ಟು ಗಂಟೆಗೊಮ್ಮೆ?

ಹಿಂದೆ ಭಾರತದ ಆಸ್ಪತ್ರೆಗಳಲ್ಲಿ ರಬ್ಬರ್ ಕೊಳವೆಯಿಂದ ಗರ್ಭಕೋಶದೊಳಗೆ ಇಥಾಕ್ರಿಡಿನ್ ಲ್ಯಾಕ್ಟೇಟ್ ದ್ರಾವಣ ಬಿಡುತ್ತಿದ್ದರು. ಈಗ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದು 200 ಮಿಲಿಗ್ರಾಂ ಮಿಫೆಪ್ರಿಸ್ಟೋನ್ ನುಂಗಿಸಿ, 24ರಿಂದ 48 ಗಂಟೆಗಳ ನಂತರ 3 ಗಂಟೆಗೊಮ್ಮೆ 400 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್ ಕೊಡುವುದನ್ನು. ಮೊದಲ ಮಾತ್ರೆ ಪ್ರೊಜೆಸ್ಟರಾನ್ ಹಾರ್ಮೋನಿನ ಕೆಲಸವನ್ನು ತಡೆಯುತ್ತದೆ. ಗರ್ಭಕೋಶ ಎರಡನೆಯ ಔಷಧಿಗೆ ಚೆನ್ನಾಗಿ ಸ್ಪಂದಿಸುವಂತಾಗಲು ಆ ಒಂದೆರಡು ದಿನ ನೆರವಾಗುತ್ತದೆ.

ವಿಯೆಟ್ನಾಂನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡೂ ಔಷಧಿ ಪಡೆದವರಲ್ಲಿ ಸುಮಾರು ಶೇ 80 ಮಂದಿಗೆ 15 ಗಂಟೆಯೊಳಗೆ ಗರ್ಭಪಾತ ಪೂರ್ಣವಾಯಿತು. ಬರೀ ಮಿಸೊಪ್ರೊಸ್ಟಾಲ್ ಪಡೆದವರಲ್ಲಿ ಸುಮಾರು ಶೇ 37 ಮಂದಿಗೆ ಮಾತ್ರ. ಬೆಳಿಗ್ಗೆ 9ಕ್ಕೆ ಮಿಸೊಪ್ರೊಸ್ಟಾಲ್ ಶುರುವಾದರೆ 15 ಗಂಟೆ ಎಂದರೆ ನಡುರಾತ್ರಿ. ವಾರ್ಡಿನಲ್ಲಿ ಸಿಬ್ಬಂದಿ ತೀರ ಕಡಿಮೆ ಇರುವ ಹೊತ್ತಿನಲ್ಲಿ ನೋವು ತಿನ್ನುವವರು ಎಷ್ಟು ಮಂದಿ ಎಂಬುದನ್ನು ಈ ಅಂಕಿಗಳೇ ತೀರ್ಮಾನಿಸುತ್ತವೆ.

ಮಿಸೊಪ್ರೊಸ್ಟಾಲ್ ಒಂದನ್ನೇ ಬಳಸುವಾಗಲೂ ಅಂತರ ಮುಖ್ಯ. ಹಾಂಗ್‌ಕಾಂಗ್‌ನ 2000ದ ಅಧ್ಯಯನದಲ್ಲಿ 3 ಗಂಟೆಗೊಮ್ಮೆ ಕೊಟ್ಟವರಿಗೆ ಹಿಡಿದ ಮಧ್ಯಕ ಅವಧಿ 15.2 ಗಂಟೆ, 6 ಗಂಟೆಗೊಮ್ಮೆ ಕೊಟ್ಟವರಿಗೆ 19 ಗಂಟೆ. ಬೇಗ ಬೇಗ ಕೊಟ್ಟಾಗ ಜ್ವರ ಹೆಚ್ಚು. ಹಿಂದೆ ಸಿಸೇರಿಯನ್ ಆದವರಲ್ಲಿ ಗರ್ಭಕೋಶ ಹರಿಯುವ ಅಪಾಯ ಅಪರೂಪದ್ದಾದರೂ ಉಳಿದವರಿಗಿಂತ ಹೆಚ್ಚು. ಹಾಗಾಗಿ ಆಪರೇಷನ್ ಥಿಯೇಟರ್, ರಕ್ತದ ವ್ಯವಸ್ಥೆ ಹತ್ತಿರವಿರಬೇಕು. ಔಷಧಿ ಅಂಗಡಿಯಲ್ಲಿ ಸಿಗುವ, ಈ ಎರಡೂ ಔಷಧಿಗಳಿರುವ ಕಾಂಬಿ ಕಿಟ್ 9 ವಾರಗಳವರೆಗಿನ ಗರ್ಭಕ್ಕೆ ಸಿದ್ಧಪಡಿಸಿದ್ದು. ಐದನೇ ತಿಂಗಳಲ್ಲಿ ಅದನ್ನು ಮನೆಯಲ್ಲಿ ನುಂಗುವುದು ಪ್ರಾಣಕ್ಕೇ ಅಪಾಯ.

ಹಳ್ಳಿಯ ಕುಟುಂಬಕ್ಕೆ ಮಾತ್ರ ಆ ಒಂದೆರಡು ದಿನದ ಕಾಯುವಿಕೆ ಎಂದರೆ ಎರಡು ಸಲದ ಬಸ್ಸು, ಎರಡು ದಿನದ ಕೂಲಿ. ಅದನ್ನು ಉಳಿಸಲೆಂದು ಮೊದಲ ಮಾತ್ರೆಯನ್ನೇ ಕೈಬಿಟ್ಟರೆ ಆಕೆಯ ನೋವಿನ ಗಂಟೆಗಳು ಬೆಳೆಯುತ್ತವೆ. ಸರ್ಕಾರಿ ತಾಲ್ಲೂಕು ಆಸ್ಪತ್ರೆಯ ಪ್ರಸೂತಿ ತಜ್ಞರು ನಿರ್ಧಾರವಾದ ದಿನವೇ ಮಿಫೆಪ್ರಿಸ್ಟೋನ್ ನುಂಗಿಸಿ, ದೊಡ್ಡಾಸ್ಪತ್ರೆಗೆ ಫೋನ್ ಮಾಡಿ ಮರುದಿನಕ್ಕೆ ಹಾಸಿಗೆ ಕಾಯ್ದಿರಿಸಿದರೆ, ಕಾಯಬೇಕಾದ ಹೊತ್ತನ್ನು ಆಕೆ ತನ್ನ ಮನೆಯಲ್ಲೇ ಕಳೆಯಬಹುದು.