ನಮ್ಮ ಸೀಮೆಯನ್ನು ಕುರಿತ ಗ್ರಂಥಗಳು: ಒಂದು ಚಾರಿತ್ರಿಕ ಅವಲೋಕನ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು ದೀರ್ಘಕಾಲ ಕೋಲಾರ ಜಿಲ್ಲೆಗೆ ಸೇರಿದ್ದು, 2007ರಲ್ಲಿ ನೂತನ ಚಿಕ್ಕಬಳ್ಳಾಪುರ ಜಿಲ್ಲೆಯ ಭಾಗಗಳಾದವು. ಈ ಸೀಮೆಯ ನಿಸರ್ಗ, ಇತಿಹಾಸ ಹಾಗೂ ಜನಜೀವನವನ್ನು ಕುರಿತ ಗ್ರಂಥಗಳು ಬೆಳಕು ಕಂಡ ಬಗೆಯನ್ನು ಪರಿಶೀಲಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ವಿಷಯ ನಮ್ಮದು, ಆದರೆ ಅದು ಬಹುಕಾಲ ಹೊರಗೆ, ಹೊರಭಾಷೆಗಳಲ್ಲಿ ಅಚ್ಚಾಯಿತು.

ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿ ಫ್ರೆಂಚ್ ಯೇಸುಸಭೆಯ ಗುರುಗಳ ಕರ್ನಾಟಿಕ್ ಮಿಷನ್ ಈ ಕಡೆಗೆ ಹಬ್ಬಿತ್ತು. ಅವರು ತಮ್ಮ ದೇಶಕ್ಕೆ ಬರೆದ ಕಾಗದಗಳು ಪ್ಯಾರಿಸ್ಸಿನಲ್ಲಿ 1702ರಿಂದ 1776ರವರೆಗೆ 34 ಸಂಪುಟಗಳಾಗಿ ಪ್ರಕಟವಾದ ಪತ್ರಸಂಗ್ರಹದಲ್ಲಿ ಸೇರಿವೆ. ಪೂಜ್ಯ ಲೆ ಗಾಕ್ ಸ್ವಾಮಿಗಳು 1709ರಲ್ಲಿ ಬರೆದ ಕಾಗದವೊಂದು ‘ಚಿನ್ನಬಳ್ಳಾಬರಂ’ ಎಂಬ ಊರಿನಿಂದ ಹೊರಟಿದೆ. ತೆಲುಗಿನಲ್ಲಿ ‘ಚಿನ್ನ’ ಎಂದರೆ ಚಿಕ್ಕದು. ಊರು ಯಾವುದೆಂದು ಹೇಳಬೇಕಾಗಿಲ್ಲ. ಈ ಕಾಗದಗಳನ್ನು ವಿವೇಚನೆಯಿಂದ ಓದಬೇಕು. ಪರಧರ್ಮೀಯರ ಬಗ್ಗೆ ಅವುಗಳಲ್ಲಿರುವ ಮಾತುಗಳು ಆ ಕಾಲದ ದೃಷ್ಟಿಯವು. ಆದರೂ ಅಂದಿನ ಜನಜೀವನಕ್ಕೆ ಅವು ಸಾಕ್ಷಿಯಾಗಿವೆ.

ಮುಂದೆ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಗುರುಗಳು ಬೆಂಗಳೂರಿನಲ್ಲಿ ಮುದ್ರಣಾಲಯ ನಡೆಸಿದರು. ಮೈಸೂರು ಮಿಷನ್ನಿನ ಬಿಷಪ್ ಶಾರ್ಬೊನೋ ಅವರ ಲತೀನ್–ಕನ್ನಡ ನಿಘಂಟು 1861ರಲ್ಲಿ ಅಲ್ಲಿಯೇ ಅಚ್ಚಾಯಿತು. ಜನರ ನುಡಿಯನ್ನು ಕಲಿಯದೆ ಜನರನ್ನು ಅರಿಯಲಾಗದೆಂಬುದನ್ನು ಆ ಹಿರಿಯರು ಬಲ್ಲವರಾಗಿದ್ದರು.

ಈ ಸೀಮೆಗೆ ಮಹದುಪಕಾರ ಮಾಡಿದವರು ಬಿ. ಎಲ್. ರೈಸ್. ಪ್ರಾಟೆಸ್ಟಂಟ್ ಮಿಷನರಿಯ ಪುತ್ರರಾಗಿ 1837ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಇವರು ಮೈಸೂರಿನ ಗ್ಯಾಸೆಟಿಯರನ್ನು ರಚಿಸಿದರು. ಅದರ ಪರಿಷ್ಕೃತ ಆವೃತ್ತಿ 1897ರಲ್ಲಿ ಹೊರಬಂದಿತು. ಇವರ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯ ಶಾಸನಗಳಿಗೆ ಮೀಸಲಾಗಿದ್ದು, 1905ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ನಮ್ಮ ನಾಲ್ಕು ತಾಲ್ಲೂಕುಗಳ ಶಾಸನಗಳೂ ಅದರಲ್ಲಿ ತಾಲ್ಲೂಕುವಾರು ಅಡಕವಾಗಿವೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ನಾಡಿನಲ್ಲಿ ಕೆರೆಯೇ ಬದುಕು. ಕೆರೆ ಕಟ್ಟಿದವರಿಗೆ ಕೊಟ್ಟ ‘ಬಿತ್ತುವಟ್ಟ’, ತುರುಗಳನ್ನು ಕಾಯಲು ಹೋರಾಡಿ ಮಡಿದವರ ಮನೆಯವರಿಗೆ ಕೊಟ್ಟ ‘ಕಲ್ನಾಡು’ ಮುಂತಾದ ದತ್ತಿಗಳ ವಿವರ ಈ ಸೀಮೆಯ ಶಾಸನಗಳಲ್ಲಿ ದೊರೆಯುತ್ತದೆ. ಅರಸರ ಹೆಸರಿನೊಡನೆ ಸಾಮಾನ್ಯ ಒಕ್ಕಲಿನ ಹೆಸರೂ ಉಳಿದಿರುವುದು ಇಂಥ ಕಲ್ಲುಗಳಿಂದಲೇ. ಕಲ್ಲು ಸವೆದುಹೋದರೂ, ಯಾರದೋ ಮನೆಯ ಮೆಟ್ಟಿಲಾದರೂ, ಅಚ್ಚಿನ ಪಾಠ ಉಳಿಯುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಹಯವದನರಾಯರ ಗ್ಯಾಸೆಟಿಯರೂ 1968ರ ಕೋಲಾರ ಜಿಲ್ಲಾ ಗ್ಯಾಸೆಟಿಯರೂ ಬಂದವು, ಅವೂ ಇಂಗ್ಲಿಷಿನವೇ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1951ರಲ್ಲಿ ತಮ್ಮ ವೃತ್ತಿಜೀವನದ ಸ್ಮರಣೆಗಳನ್ನು ಪ್ರಕಟಿಸಿದ್ದೂ ಇಂಗ್ಲಿಷಿನಲ್ಲೇ. ಗೌರಿಬಿದನೂರು ತಾಲ್ಲೂಕು ಹೊಸೂರಿನ ಡಾ. ಎಚ್. ನರಸಿಂಹಯ್ಯನವರ ‘ಹೋರಾಟದ ಹಾದಿ’ಯಾದರೋ ಕನ್ನಡದ ಆತ್ಮಕಥೆ. ಚಿಂತಾಮಣಿ ತಾಲ್ಲೂಕಿನ ಕೈವಾರ ತಾತಯ್ಯನವರ ತೆಲುಗು, ಕನ್ನಡ ಪದಗಳು ಅಚ್ಚಿಗಿಂತ ಹೆಚ್ಚಾಗಿ ಜನರ ಬಾಯಲ್ಲೇ ಬಾಳಿದವು.

ಇಷ್ಟಾದರೂ ಪುಸ್ತಕಕ್ಕೆ ಬಾರದೆ ಉಳಿದಿರುವುದು ಬಹಳ. ನಂದಿಬೆಟ್ಟದ ತಪ್ಪಲಿನ ಗಿಡಮೂಲಿಕೆಗಳ ಊರ ಹೆಸರುಗಳು, ಶಿಡ್ಲಘಟ್ಟದ ರೇಷ್ಮೆ ಬಿಚ್ಚುವವರ ಕಸುಬಿನ ಮಾತುಗಳು, 1938ರ ಏಪ್ರಿಲ್ 25ರ ವಿದುರಾಶ್ವತ್ಥದ ಗೋಲೀಬಾರನ್ನು ಕಂಡ ಹಿರಿಯರು ಮನೆಮಂದಿಗೆ ಹೇಳಿಹೋದ ಕಥೆಗಳು, ಇವನ್ನು ಬಲ್ಲವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ.

ಪ್ರಿಯ ಕ್ರೈಸ್ತ ಬಾಂಧವರೇ, ಚರ್ಚಿನ ಜ್ಞಾನಸ್ನಾನ, ವಿವಾಹ, ಮರಣಗಳ ದಫ್ತರಗಳೂ ಒಂದು ಬಗೆಯ ಶಾಸನಗಳೇ. ಬೇರೆಲ್ಲೂ ಬರೆಯಲ್ಪಡದ ಬಡವರ ಹೆಸರುಗಳು ಅವುಗಳಲ್ಲಿವೆ. ಗೆದ್ದಲಿಗೂ ತೇವಕ್ಕೂ ಅವು ಬಲಿಯಾಗದಂತೆ ಕಾಪಾಡುವುದು ನಮ್ಮ ಕರ್ತವ್ಯ. ಹಿರಿಯರನ್ನು ಕೇಳಿ ಕನ್ನಡದಲ್ಲಿ ಬರೆದಿಡೋಣ. ಈ ಸ್ಮರಣ ಸಂಚಿಕೆಯ ಪ್ರತಿಗಳನ್ನೂ ನಾಲ್ಕೂ ಊರುಗಳ ಗ್ರಂಥಾಲಯಗಳಲ್ಲಿ ಇರಿಸೋಣ. ನಮ್ಮ ಊರಿನ ಕಥೆಯನ್ನು ಓದಲು ನಮ್ಮ ಮಕ್ಕಳು ಪ್ಯಾರಿಸ್ಸಿನ ಸಂಪುಟಗಳನ್ನು ಹುಡುಕುವಂತಾಗದಿರಲಿ.