ಕಂಕನಾಡಿಯ ಫಾದರ್ ಮುಲ್ಲರ್ ಮತ್ತು ಬಡವರ ಔಷಧಾಲಯ



ನಮ್ಮ ಸಿಂದಗಿ, ಇಂಡಿ, ಬಾಗೇವಾಡಿ ಭಾಗದವರಿಗೆ ‘ದಾಸೋಹ’ ಎಂಬ ಮಾತು ಹೊಸದಲ್ಲ. ದುಡಿದದ್ದನ್ನು ಹಂಚಿಕೊಂಡು ಉಣ್ಣಬೇಕು, ಉಣ್ಣಲು ಕುಳಿತವನ ಕುಲವನ್ನು ಕೇಳಬಾರದು ಎಂಬ ಪಾಠವನ್ನು ನಾವು ಪುಸ್ತಕಕ್ಕಿಂತ ಮೊದಲು ಮಠಗಳ ಪಂಕ್ತಿಯಲ್ಲಿ ಕುಳಿತೇ ಕಲಿತವರು. ಇದೇ ಭಾವನೆಯು ಇತರ ಧರ್ಮಗಳಲ್ಲಿ ಯಾವ ರೂಪವನ್ನು ತಾಳಿದೆ ಎಂಬುದನ್ನು ಅರಿಯುವುದು ನಮ್ಮ ಧರ್ಮವನ್ನು ಅರಿಯುವುದಕ್ಕೂ ಸಹಾಯಕ. ಆ ಉದ್ದೇಶದಿಂದ ಮಂಗಳೂರಿನ ಒಬ್ಬ ಪಾದ್ರಿಯ ಚರಿತ್ರೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಕಥೋಲಿಕನಲ್ಲ, ಇತಿಹಾಸದ ವಿದ್ಯಾರ್ಥಿ ಮಾತ್ರ.

ಕಥೋಲಿಕ ಧರ್ಮವೆಂದರೆ ಕರಾವಳಿಯದು ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ವಿಜಾಪುರದ ಆದಿಲಶಾಹಿ ಅರಸರ ಕಾಲದಲ್ಲಿಯೇ, 16ನೆಯ ಶತಮಾನದಲ್ಲಿ, ನಮ್ಮ ನೆರೆಯ ರಾಯಚೂರು ಸೀಮೆಯ ಮುದಗಲ್ಲಿನಲ್ಲಿ ಒಂದು ಕಥೋಲಿಕ ಸಮುದಾಯ ನೆಲೆಗೊಂಡಿತ್ತು. ಅಂದರೆ ಈ ಧರ್ಮ ನಮ್ಮ ಕಪ್ಪು ಮಣ್ಣಿಗೂ ಅಪರಿಚಿತವಲ್ಲ.

ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಬಟ್ಟೆಯಿಲ್ಲದವನಿಗೆ ಬಟ್ಟೆ, ರೋಗಿಗೆ ಆರೈಕೆ, ಸೆರೆಯಲ್ಲಿದ್ದವನಿಗೆ ಭೇಟಿ: ಇವನ್ನು ಅತ್ಯಂತ ದೀನನಾದವನಿಗೆ ಮಾಡಿದರೆ ಅದು ತನಗೇ ಮಾಡಿದಂತೆ ಎಂದು ಯೇಸು ಹೇಳಿದ್ದಾಗಿ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯ ತಿಳಿಸುತ್ತದೆ. ಕಥೋಲಿಕರ ಸೇವಾಪರಂಪರೆಗೆಲ್ಲ ಇದೇ ತಾಯಿಬೇರು. ಫ್ರಾನ್ಸಿನ ಸಂತ ವಿನ್ಸೆಂಟ್ ದೆ ಪಾವ್ಲ್ 17ನೆಯ ಶತಮಾನದಲ್ಲಿ ಇದನ್ನು ವ್ಯವಸ್ಥಿತ ಕಾರ್ಯವಾಗಿ ಬೆಳೆಸಿದರು. 1833ರಲ್ಲಿ ಪ್ಯಾರಿಸ್ಸಿನ ತರುಣ ವಿದ್ಯಾರ್ಥಿ ಫ್ರೆಡರಿಕ್ ಓಜಾನಾಮ್ ತನ್ನ ಗೆಳೆಯರೊಡಗೂಡಿ ಅದೇ ಸಂತನ ಹೆಸರಿನಲ್ಲಿ ಬಡವರ ಮನೆಗಳಿಗೇ ಹೋಗಿ ನೆರವಾಗುವ ಸಂಘವನ್ನು ಕಟ್ಟಿದನು. ಬಡವನು ನಮ್ಮ ಬಾಗಿಲಿಗೆ ಬರಲೆಂದು ಕಾಯದೆ ನಾವೇ ಅವನ ಬಾಗಿಲಿಗೆ ಹೋಗುವುದು ಆ ಸಂಘದ ವಿಶೇಷ.

ಈಗ ಮಂಗಳೂರಿಗೆ ಬರೋಣ. 1878ರ ಡಿಸೆಂಬರ್ 31ರಂದು ಯೇಸುಸಭೆಯ ಪಾದ್ರಿಗಳ ಮೊದಲ ತಂಡ ಆ ಊರಿಗೆ ಬಂದಿಳಿಯಿತು. ಅದೇ ವೇಳೆಗೆ ನಮ್ಮ ಬಯಲುಸೀಮೆ 1876-78ರ ಮಹಾಕ್ಷಾಮದಿಂದ ಇನ್ನೂ ಚೇತರಿಸಿಕೊಳ್ಳುತ್ತಿತ್ತು ಎಂಬುದನ್ನು ಮರೆಯಬಾರದು. ಆ ತಂಡದಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ 1841ರಲ್ಲಿ ಜನಿಸಿದ ಆಗಸ್ಟಸ್ ಮುಲ್ಲರ್ ಅವರಿದ್ದರು. 1880ರ ಜನವರಿಯಲ್ಲಿ ಸಂತ ಅಲೋಷಿಯಸ್ ಕಾಲೇಜು ಆರಂಭವಾದಾಗ ಅವರಿಗೆ ದೊರೆತದ್ದು ಅಧ್ಯಾಪಕರ ಕೆಲಸ. ಅವರು ನಮ್ಮ ವೃತ್ತಿಬಾಂಧವರೆಂಬುದು ನನಗೆ ಸಂತೋಷದ ವಿಷಯ!

ಮುಲ್ಲರರ ಬಳಿ ಹೋಮಿಯೋಪತಿ ಔಷಧಗಳ ಒಂದು ಪೆಟ್ಟಿಗೆಯಿತ್ತು. ಕಾಯಿಲೆ ಬಿದ್ದ ವಿದ್ಯಾರ್ಥಿಗಳಿಗೆ ಅದರಿಂದ ಔಷಧ ಕೊಡುತ್ತಿದ್ದರು. ಸುದ್ದಿ ಹಬ್ಬಿ ಊರಿನ ಬಡವರೂ ಬರತೊಡಗಿದರು. ಹೀಗೆ 1880ರಲ್ಲಿಯೇ ‘ಬಡವರ ಹೋಮಿಯೋಪತಿ ಔಷಧಾಲಯ’ ಹುಟ್ಟಿತು. ಕಂಕನಾಡಿಯ ಒಂದು ಆಲದ ಮರದಡಿ ಅದರ ಆರಂಭವಾಯಿತೆಂದು ಆ ಸಂಸ್ಥೆಯವರು ಹೇಳುತ್ತಾರೆ. ಔಷಧಗಳನ್ನು ಅಂಚೆಯ ಮೂಲಕ ದೂರದ ಊರುಗಳಿಗೂ ಮಾರುತ್ತಿದ್ದರು. ಕೊಳ್ಳಬಲ್ಲವರು ಕೊಟ್ಟ ಹಣ ಕೊಳ್ಳಲಾರದವರ ಉಪಚಾರಕ್ಕೆ ಒದಗುತ್ತಿತ್ತು. ದಾನಿಗಳ ಮುಖವನ್ನಷ್ಟೇ ನೋಡುತ್ತ ಕುಳಿತುಕೊಳ್ಳದ ಈ ಏರ್ಪಾಡು ನಮ್ಮ ಕಾಯಕ ಮತ್ತು ದಾಸೋಹಗಳ ಸಂಬಂಧವನ್ನು ನೆನಪಿಗೆ ತರುತ್ತದೆ.

ಔಷಧಕ್ಕಾಗಿ ಬಂದವರಲ್ಲಿ ಕುಷ್ಠರೋಗಿಗಳೂ ಇದ್ದರು. ಔಷಧ ಕೊಟ್ಟು ಕಳಿಸಿದರೆ ಅವರು ಹೋಗುವುದೆಲ್ಲಿಗೆ? ಮನೆಯವರು ಸೇರಿಸರು, ಊರವರು ನಿಲ್ಲಗೊಡರು. 1890ರಲ್ಲಿ ಮುಲ್ಲರ್ ಅವರಿಗಾಗಿ ಸಂತ ಜೋಸೆಫರ ಹೆಸರಿನ ಆಶ್ರಯಧಾಮವನ್ನು ತೆರೆದರು. ಅದರ ಹಿಂದಿನ ವರ್ಷವೇ, 1889ರ ಏಪ್ರಿಲ್‌ನಲ್ಲಿ, ಹವಾಯಿಯ ಮೊಲೊಕಾಯಿ ದ್ವೀಪದಲ್ಲಿ ಬೆಲ್ಜಿಯಮ್ಮಿನ ಫಾದರ್ ದಾಮಿಯನ್ ಹದಿನಾರು ವರ್ಷ ಕುಷ್ಠರೋಗಿಗಳ ನಡುವೆ ಬಾಳಿ ಅದೇ ರೋಗದಿಂದ ತೀರಿಕೊಂಡಿದ್ದರು. ಮುಂದೆ 1902ರ ಸುಮಾರಿಗೆ ಮಂಗಳೂರಿಗೆ ಪ್ಲೇಗು ಬಂದಾಗ ಮುಲ್ಲರ್ ಪ್ಲೇಗಿನ ರೋಗಿಗಳಿಗೂ ಆಸ್ಪತ್ರೆ ಮಾಡಿದರು. ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇದ್ದ ಕಥೆಯನ್ನು ನಮ್ಮ ಮನೆಯ ಹಿರಿಯರಿಂದ ಕೇಳಿದವರಿಗೆ ಆ ಕೆಲಸದ ಎದೆಗಾರಿಕೆ ಅರ್ಥವಾದೀತು. ಬ್ರಿಟಿಷ್ ಸರ್ಕಾರ ಅವರಿಗೆ ಕೈಸರ್-ಎ-ಹಿಂದ್ ಪದಕವನ್ನಿತ್ತಿತು. 1910ರ ನವೆಂಬರ್ 1ರಂದು ಅವರು ದಿವಂಗತರಾದರು. ಅವರ ಔಷಧಾಲಯ ಬೆಳೆದು ಇಂದು ದೊಡ್ಡ ಆಸ್ಪತ್ರೆಯಾಗಿದೆ. 1985ರಲ್ಲಿ ಹೋಮಿಯೋಪತಿ ಕಾಲೇಜು, 1999ರಲ್ಲಿ ವೈದ್ಯಕೀಯ ಕಾಲೇಜು ಅದಕ್ಕೆ ಸೇರಿದವು.

ಮೋರಟಗಿಯಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ ಒಮ್ಮೆ ಮಿಶನರಿಗಳ ವಿಷಯ ಬಂದಾಗ, ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, “ಸರ, ಅವರು ತಮ್ಮ ಧರ್ಮ ಬೆಳಸಾಕs ಸೇವಾ ಮಾಡ್ತಾರಂತಲ್ರಿ?” ಎಂದು ಕೇಳಿದ್ದನು. ಪ್ರಶ್ನೆ ತಪ್ಪಲ್ಲ, ಇಂದಿಗೂ ಅನೇಕರು ಅದನ್ನೇ ಕೇಳುತ್ತಾರೆ. ಮಿಶನರಿಗಳು ತಮ್ಮ ಧರ್ಮವನ್ನು ಹಬ್ಬಿಸುವ ಆಸೆಯನ್ನು ಮುಚ್ಚಿಟ್ಟವರೂ ಅಲ್ಲ. ಅನ್ನ, ಔಷಧಗಳ ಋಣಕ್ಕೆ ಸಿಕ್ಕು ಒಬ್ಬನು ನಂಬಿಕೆಯನ್ನು ಬದಲಿಸಬೇಕಾಗಿ ಬಂದರೆ ಅದು ವ್ಯಾಪಾರವೇ ಹೊರತು ಸೇವೆಯಲ್ಲ. ಆದರೆ ತಲೆಗಳನ್ನು ಎಣಿಸಲು ಹೊರಟವನು ಕುಷ್ಠರೋಗಿಯನ್ನು ಆರಿಸಿಕೊಳ್ಳುವನೇ? ಅವನಿಗೆ ಹೊಲವಿಲ್ಲ, ಮನೆಯಿಲ್ಲ, ಅವನ ಮಾತನ್ನು ಕೇಳುವ ಬಂಧುಗಳಿಲ್ಲ. ಅಂಚೆಯಲ್ಲಿ ಔಷಧ ತರಿಸಿಕೊಂಡವನ ಜಾತಿ, ಮತಗಳು ಕಂಕನಾಡಿಗೆ ಕಾಣುವಂತೆಯೂ ಇರಲಿಲ್ಲ. ಸೇವೆಯನ್ನು ಅಳೆಯಬೇಕಾದದ್ದು ಅದನ್ನು ಪಡೆದವನ ಸ್ವಾತಂತ್ರ್ಯದಿಂದ. ಈ ಅಳತೆಗೋಲು ಪಾದ್ರಿಗೂ ಅನ್ವಯಿಸುತ್ತದೆ, ಸ್ವಾಮಿಗೂ ಅನ್ವಯಿಸುತ್ತದೆ, ಸರ್ಕಾರಕ್ಕೂ ಅನ್ವಯಿಸುತ್ತದೆ.

ಇನ್ನೊಂದು ಕಷ್ಟದ ಪ್ರಶ್ನೆಯೂ ಇದೆ. ಹೋಮಿಯೋಪತಿಯ ಗುಣವನ್ನು ಇಂದಿನ ವೈದ್ಯವಿಜ್ಞಾನ ಬಹುಮಟ್ಟಿಗೆ ಒಪ್ಪುವುದಿಲ್ಲ. ಕುಷ್ಠರೋಗದ ರೋಗಾಣುವನ್ನು ನಾರ್ವೆಯ ಹ್ಯಾನ್ಸೆನ್ 1873ರಲ್ಲಿಯೇ ಗುರುತಿಸಿದ್ದರೂ ಡ್ಯಾಪ್ಸೋನ್ ಔಷಧ ಬಳಕೆಗೆ ಬಂದದ್ದು 1940ರ ದಶಕದಲ್ಲಿ. ರೋಗವನ್ನು ನಿಶ್ಚಯವಾಗಿ ಗುಣಪಡಿಸುವ ಬಹು ಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1981ರಲ್ಲಿ. ಹಾಗಾದರೆ ಮುಲ್ಲರ್ ಆ ರೋಗಿಗಳಿಗೆ ಕೊಟ್ಟದ್ದಾದರೂ ಏನು? ತಲೆಯ ಮೇಲೊಂದು ಸೂರು, ಹೊತ್ತಿಗೆ ಊಟ, ಹುಣ್ಣಿಗೆ ಆರೈಕೆ, ಹತ್ತಿರ ಬಂದು ಮಾತನಾಡಿಸುವ ಒಬ್ಬ ಮನುಷ್ಯ. ಊರಿನಿಂದ ಹೊರಗಾದವನಿಗೆ ಇದು ಸಣ್ಣ ಚಿಕಿತ್ಸೆಯಲ್ಲ.

ಆದರೂ ಆಶ್ರಯ ಕೊಟ್ಟ ಮಾತ್ರಕ್ಕೆ ಅನ್ಯಾಯ ಅಳಿಯುವುದಿಲ್ಲ. ಕಂಕನಾಡಿಯ ಆಶ್ರಯಧಾಮ ತೆರೆದ ಮರುವರ್ಷವೇ, 1891ರಲ್ಲಿ, 13ನೆಯ ಲಿಯೋ ಪೋಪರು ಕಾರ್ಮಿಕರ ಸ್ಥಿತಿಗತಿಯನ್ನು ಕುರಿತು ‘ರೇರುಮ್ ನೊವಾರುಮ್’ ಎಂಬ ವಿಶ್ವಪತ್ರವನ್ನು ಹೊರಡಿಸಿ, ದುಡಿಯುವವನಿಗೆ ನ್ಯಾಯವಾದ ಕೂಲಿ ಸಲ್ಲಬೇಕೆಂದು ಸಾರಿದರು. ದಯೆಯಿಂದ ಕೊಡುವುದು ಬೇರೆ, ಸಲ್ಲಬೇಕಾದದ್ದನ್ನು ಸಲ್ಲಿಸುವುದು ಬೇರೆ ಎಂಬ ವಿವೇಕ ಅದರಲ್ಲಿದೆ. ಕುಷ್ಠರೋಗಿಗಳ ವಿಷಯದಲ್ಲಿ ನಮ್ಮ ದೇಶ ಈ ವಿವೇಕವನ್ನು ಬಹಳ ತಡವಾಗಿ ಕಲಿಯಿತು. ಭಿಕ್ಷೆ ಬೇಡುವ ಕುಷ್ಠರೋಗಿಗಳನ್ನು ಹಿಡಿದು ಪ್ರತ್ಯೇಕವಾಗಿ ಇಡಲು ಅವಕಾಶ ಕೊಟ್ಟಿದ್ದ 1898ರ ಕಾಯಿದೆ ರದ್ದಾದದ್ದು 2016ರಲ್ಲಿ. ಕುಷ್ಠರೋಗವನ್ನು ವಿವಾಹ ವಿಚ್ಛೇದನೆಗೆ ಕಾರಣವಾಗಿ ಒಪ್ಪುತ್ತಿದ್ದ ನಿಯಮ ಹೋದದ್ದು 2019ರಲ್ಲಿ. ರೋಗಕ್ಕೆ ಮದ್ದು ಸಿಕ್ಕ ಮೇಲೂ ಕಾನೂನಿನ ರೋಗ ವಾಸಿಯಾಗಲು ದಶಕಗಳೇ ಹಿಡಿದವು!

ನಮ್ಮ ಕಡೆಯ ಜಾತ್ರೆಗಳಲ್ಲಿ, ಗುಡಿಯ ದಾರಿಯುದ್ದಕ್ಕೂ ಚಿಂದಿ ಸುತ್ತಿದ ಕೈಗಳನ್ನು ಚಾಚಿ ಸಾಲಾಗಿ ಕುಳಿತಿರುತ್ತಿದ್ದವರನ್ನು ನಿಮ್ಮಲ್ಲಿ ಹಿರಿಯರು ನೋಡಿರುತ್ತೀರಿ. ನಾವೆಲ್ಲರೂ ದೂರದಿಂದಲೇ ಚಿಲ್ಲರೆ ಕಾಸು ಒಗೆದು ಪುಣ್ಯ ಬಂತೆಂದು ಮುಂದೆ ನಡೆಯುತ್ತಿದ್ದೆವು. ಮುಲ್ಲರರ ಚರಿತ್ರೆ ಪ್ರಶ್ನಿಸುವುದು ಆ ದೂರವನ್ನೇ.

ಕೊನೆಯದಾಗಿ ಮಾಸ್ತರನ ಒಂದು ಮಾತು. ಈ ರೋಗ ದೇಶದಿಂದ ಪೂರ್ಣವಾಗಿ ಹೋಗಿಲ್ಲ. ಮೈಮೇಲೆ ಮುಟ್ಟಿದರೆ ತಿಳಿಯದಂಥ ತಿಳಿಬಣ್ಣದ ಅಥವಾ ಕೆಂಪು ಮಚ್ಚೆ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಬೇಕು, ಚಿಕಿತ್ಸೆ ಉಚಿತ. ಇದು ವಂಶಪಾರಂಪರ್ಯವಲ್ಲ, ಶಾಪವೂ ಅಲ್ಲ. ಆರು ತಿಂಗಳಿಂದ ಒಂದು ವರ್ಷದ ಔಷಧದಿಂದ ವಾಸಿಯಾಗುತ್ತದೆ. ಊರಿನಲ್ಲಿರುವ ನನ್ನ ವಿದ್ಯಾರ್ಥಿಗಳು ಇದನ್ನು ನಾಲ್ಕು ಮನೆಗಳಿಗೆ ತಿಳಿಸಿದರೆ ಈ ಲೇಖನ ಬರೆದದ್ದು ಸಾರ್ಥಕ.