ಕ್ವಾಯ್ ಸೇತುವೆ: ಸಿನಿಮಾದೊಳಗೆ ಬರದ ಕೂಲಿಗಳು

ಇವತ್ತಿನ ಮಾತು ಒಂದು ಹಳೇ ಸಿನಿಮಾದಿಂದ ಶುರು. ಡೇವಿಡ್ ಲೀನ್ ನಿರ್ದೇಶನದ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’, 1957ರದ್ದು. ಸಿನಿಮಾ ನೋಡದಿದ್ದವರೂ ಅದರ ಸಿಳ್ಳೆ ಕೇಳಿರ್ತೀರಿ. ಸವೆದ ಬೂಟು, ಚಿಂದಿ ಬಟ್ಟೆಯ ಬ್ರಿಟಿಷ್ ಯುದ್ಧಕೈದಿಗಳು ‘ಕರ್ನಲ್ ಬೋಗಿ’ ರಾಗಕ್ಕೆ ಸಿಳ್ಳೆ ಹಾಕುತ್ತಾ, ಸಾಲು ತಪ್ಪದೆ, ಜಪಾನೀ ಶಿಬಿರದೊಳಗೆ ನಡೆದು ಬರುವ ದೃಶ್ಯ.

ಆಮೇಲಿನ ಜಗಳ ಒಂದು ಕಾಗದದ ಮೇಲೆ. ಸೇತುವೆ ಕೆಲಸಕ್ಕೆ ಅಧಿಕಾರಿಗಳೂ ಇಳಿಯಬೇಕು ಅಂತಾನೆ ಶಿಬಿರದ ಕರ್ನಲ್ ಸೈಟೋ. ಅಲೆಕ್ ಗಿನ್ನೆಸ್ ಮಾಡಿರುವ ಕರ್ನಲ್ ನಿಕಲ್ಸನ್ ಜೇಬಿನಿಂದ ಜಿನೀವಾ ಒಪ್ಪಂದದ ಪ್ರತಿ ತೆಗೀತಾನೆ. ಸೈಟೋ ಅದನ್ನೇ ಕಿತ್ಕೊಂಡು ಅವನ ಮುಖಕ್ಕೆ ಬಾರಿಸ್ತಾನೆ, ತಗಡಿನ ಗೂಡಿನಲ್ಲಿ ಬಿಸಿಲಿಗೆ ಬೇಯಲು ಹಾಕ್ತಾನೆ. ನಿಕಲ್ಸನ್ ಬಗ್ಗಲ್ಲ. ಕೊನೆಗೆ ಗೆಲ್ತಾನೆ. ಗೆದ್ದ ಮೇಲೆ ಶತ್ರುವಿಗೇ ಒಳ್ಳೇ ಸೇತುವೆ ಕಟ್ಟಿಕೊಡುವ ಹಟಕ್ಕೆ ಬೀಳ್ತಾನೆ. ಕಥೆಯ ತಿರುವು ಅದು, ಗಿನ್ನೆಸ್ ನಟನೆ ಇವತ್ತಿಗೂ ಹಳತಾಗಿಲ್ಲ.

ನನ್ನ ಗಮನ ಮಾತ್ರ ಆ ಕಾಗದದ ಮೇಲೆ. 1929ರ ಒಪ್ಪಂದದಲ್ಲಿ ಅಧಿಕಾರಿಗಳಿಂದ ಬಲವಂತದ ಕೆಲಸ ಮಾಡಿಸಬಾರದು ಅಂತ ಇತ್ತು, ನಿಜ. ಕೈದಿಗಳಿಂದ ಯುದ್ಧಕ್ಕೆ ನೇರ ಸಂಬಂಧಪಟ್ಟ ಕೆಲಸವನ್ನೇ ಮಾಡಿಸಬಾರದು ಅಂತಲೂ ಇತ್ತು. ಈ ರೈಲುದಾರಿ ಪೂರಾ ಯುದ್ಧದ ಕೆಲಸವೇ. ಬರ್ಮಾದಲ್ಲಿದ್ದ ಜಪಾನೀ ಸೇನೆಗೆ ಸಮುದ್ರದ ದಾರಿ ಅಪಾಯವಾಗಿತ್ತು, ನೆಲದ ಮೇಲೆ ದಾರಿ ಬೇಕಿತ್ತು. ಜಪಾನ್ ಆ ಒಪ್ಪಂದಕ್ಕೆ ಸಹಿ ಹಾಕಿತ್ತೇ ಹೊರತು ಅನುಮೋದಿಸಿರಲಿಲ್ಲ. ಆದರೂ ಕೈದಿಯ ಕೈಯಲ್ಲಿ ತೋರಿಸೋಕೆ ಒಂದು ಕಾಗದ ಇತ್ತು. ಅದೂ ಇಲ್ಲದವರು ಅಲ್ಲಿ ಎಷ್ಟು ಜನ ಇದ್ದರು?

ಥಾಯ್ಲೆಂಡಿನ ಬಾನ್ ಪಾಂಗ್ ಕಡೆಯಿಂದ ಬರ್ಮಾದ ತಾನ್‌ಬ್ಯೂಜಯಾತ್‌ವರೆಗೆ ಸುಮಾರು 415 ಕಿಲೋಮೀಟರ್ ಹಳಿ. ಕೆಲಸ 1942ರ ಮಧ್ಯದಲ್ಲಿ ಶುರುವಾಗಿ 1943ರ ಅಕ್ಟೋಬರಿಗೆ ಮುಗಿಯಿತು. ಬ್ರಿಟಿಷ್, ಆಸ್ಟ್ರೇಲಿಯನ್, ಡಚ್, ಅಮೆರಿಕನ್ ಕೈದಿಗಳು 60,000ಕ್ಕೂ ಹೆಚ್ಚು. ಸತ್ತವರು 12,000 ದಾಟುತ್ತಾರೆ, ಅಂದರೆ ಐವರಲ್ಲಿ ಒಬ್ಬ. ಇನ್ನು ಏಷ್ಯಾದ ಕೂಲಿಗಳು, ಬರ್ಮೀಯರು, ತಮಿಳರು, ಮಲಯರು, ಜಾವಾದವರು, ಒಂದೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಅಂತ ಅಂದಾಜು. ಸತ್ತವರು ಸುಮಾರು 90,000 ಇರಬಹುದು. ಕೈದಿಗಳದ್ದು ಲೆಕ್ಕ, ಕೂಲಿಗಳದ್ದು ಅಂದಾಜು. ಯಾಕೆಂದರೆ ಬರೆದಿಟ್ಟವರೇ ಇಲ್ಲ.

ಚೆನ್ನೈನಲ್ಲಿರೋ ನಮ್ಮ ಕೇಳುಗರು ಇದನ್ನು ಅಲ್ಲಿಯ ಗೆಳೆಯರ ಹತ್ತಿರ ಕೇಳಿ ನೋಡಿ. ತಮಿಳಿನಲ್ಲಿ ಇದಕ್ಕೆ ‘ಸಯಾಂ ಮರಣ ರಯಿಲ್’ ಅಂತಲೇ ಹೆಸರು. ಮಲಯದ ರಬ್ಬರ್ ತೋಟಗಳಲ್ಲಿ ಎರಡು ಮೂರು ತಲೆಮಾರಿನಿಂದ ಹಾಲು ಇಳಿಸುತ್ತಿದ್ದ ತಮಿಳು ಕುಟುಂಬಗಳು. 1942ರ ಫೆಬ್ರವರಿ 15ಕ್ಕೆ ಸಿಂಗಾಪುರ ಬಿತ್ತು, ಬ್ರಿಟಿಷ್ ದೊರೆಗಳು ಹೋದರು, ರಬ್ಬರ್ ಕೇಳುವವರಿಲ್ಲ, ಅಕ್ಕಿಯೂ ಇಲ್ಲ. ಆಗ ಜಪಾನಿಯರು ಬಂದು ಮೂರು ತಿಂಗಳ ಕೆಲಸ, ದಿನಕ್ಕೆ ಒಂದು ಡಾಲರ್, ಊಟ ವಸತಿ ನಮ್ಮದು ಅಂದರು. ಹೋದವರು ವಾಪಸ್ ಬರಲಿಲ್ಲ. ಸುದ್ದಿ ಹಬ್ಬಿದ ಮೇಲೆ ಯಾರೂ ಹೊರಡದಾದಾಗ ಬಲವಂತ ಶುರು. ಪುಕ್ಕಟೆ ಸಿನಿಮಾ ಅಂತ ಕರೆದು, ಟಾಕೀಸಿನ ಬಾಗಿಲು ಹಾಕಿ, ಒಳಗಿದ್ದವರನ್ನು ಹಾಗೇ ರೈಲಿಗೆ ತುಂಬಿದರು ಅಂತ ಆ ಕಾಲದವರ ಹೇಳಿಕೆಗಳಿವೆ.

1943ರ ಮಳೆಗಾಲದಲ್ಲಿ ಕಾಲರಾ ಬಂತು. ಕೈದಿಗಳ ಶಿಬಿರದಲ್ಲಿ ಔಷಧ ಇರಲಿಲ್ಲ, ಆದರೆ ಡಾಕ್ಟರ್ ಇದ್ದರು. ನೀರು ಕುದಿಸದೆ ಕುಡಿಯಬೇಡ, ಕಕ್ಕಸು ಗುಂಡಿ ಅಲ್ಲಿ ತೋಡು ಅಂತ ಗದರಿಸುವ ಅಧಿಕಾರಿ ಇದ್ದ, ಅವನ ಮಾತು ಕೇಳುವ ಅಭ್ಯಾಸ ಇತ್ತು. ಸಿನಿಮಾದಲ್ಲಿ ನಿಕಲ್ಸನ್ನನ ಶಿಸ್ತು ಒಂದು ಹುಚ್ಚಿನ ಹಾಗೆ ಕಾಣುತ್ತೆ. ನಿಜವಾದ ಶಿಬಿರದಲ್ಲಿ ಅದೇ ಶಿಸ್ತು ಜೀವ ಉಳಿಸುತ್ತಿತ್ತು. ಕೂಲಿಗಳ ಗುಡಿಸಲಲ್ಲಿ ಡಾಕ್ಟರೂ ಇಲ್ಲ, ಹೇಳುವವರೂ ಇಲ್ಲ, ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯಲ್ಲ. ಕಾಯಿಲೆ ಬಿದ್ದವರನ್ನು ಬಿಟ್ಟು ಉಳಿದವರು ಕಾಡಿಗೆ ಓಡ್ತಿದ್ದರು, ಜೊತೆಗೆ ರೋಗವೂ ಹೋಗ್ತಿತ್ತು. ಕೊನೆಗೆ ಜಪಾನಿಯರೇ ಸಿಂಗಾಪುರದ ಚಾಂಗಿಯಿಂದ ಕೈದಿ ವೈದ್ಯರ ಎರಡು ತಂಡಗಳನ್ನು ಕೂಲಿ ಶಿಬಿರಗಳಿಗೆ ತರಿಸಿದರು. ಅಷ್ಟರಲ್ಲಿ ತುಂಬ ತಡವಾಗಿತ್ತು.

ಸಿನಿಮಾಕ್ಕೆ ವಾಪಸ್ ಬರೋಣ. ತಾಮರ್ಕಾನ್ ಸೇತುವೆ ಶಿಬಿರದ ನಿಜವಾದ ಹಿರಿಯ ಬ್ರಿಟಿಷ್ ಅಧಿಕಾರಿ ಫಿಲಿಪ್ ಟೂಸಿ ಅಂತ, ನಿಕಲ್ಸನ್ ಥರದವನು ಅಲ್ಲವೇ ಅಲ್ಲ. ಅವನ ಕೈಕೆಳಗಿದ್ದವರು ಸಿನಿಮಾ ನೋಡಿ ಸಿಟ್ಟಾಗಿದ್ದರು. ಕಮಾಂಡೋಗಳು ಸೇತುವೆ ಉಡಾಯಿಸಿದ್ದೂ ಕಲ್ಪನೆ. ನಿಜದ ಉಕ್ಕಿನ ಸೇತುವೆಗೆ 1945ರಲ್ಲಿ ವಿಮಾನದಿಂದ ಬಾಂಬ್ ಹಾಕಿದರು, ರಿಪೇರಿಯಾಗಿ ಇವತ್ತಿಗೂ ರೈಲು ಓಡ್ತಿದೆ. ಇನ್ನೊಂದು ತಮಾಷೆ: ಸೇತುವೆ ಇದ್ದದ್ದು ಮೇ ಕ್ಲಾಂಗ್ ನದಿಯ ಮೇಲೆ. ಪ್ರವಾಸಿಗರು ಬಂದು ಕ್ವಾಯ್ ಎಲ್ಲಿ ಅಂತ ಕೇಳಿ ಕೇಳಿ, ನದಿಯ ಆ ಭಾಗಕ್ಕೇ ಹೆಸರು ಬದಲಾಯಿಸಿದರು!

ಸಣ್ಣಪುಟ್ಟ ತಪ್ಪು ಬಿಡಿ. ನನಗೆ ಚುಚ್ಚುವುದು ಬೇರೆ. ಮೂಲ ಕಾದಂಬರಿ ಬರೆದ ಫ್ರೆಂಚ್ ಲೇಖಕ ಪಿಯರ್ ಬೂಲ್ ಯುದ್ಧಕ್ಕೆ ಮುಂಚೆ ಮಲಯದ ರಬ್ಬರ್ ತೋಟದಲ್ಲೇ ಕೆಲಸಕ್ಕಿದ್ದವನು. ಆ ತೋಟಗಳ ಕೂಲಿಗಳನ್ನು ಕಣ್ಣಾರೆ ಕಂಡಿದ್ದ. ಆದರೂ ಆ ಕಥೆ ತೆರೆಗೆ ಬಂದಾಗ, ಇಡೀ ಸೇತುವೆ ಬಿಳಿ ಸೈನಿಕರೇ ಕಟ್ಟಿದ ಹಾಗಿದೆ. ಚಿತ್ರೀಕರಣ ಸಿಂಹಳದ ಕಿತುಲ್ಗಲದಲ್ಲಿ ನಡೆಯಿತು. ಏಷ್ಯಾದ ಜನ ಅಂದರೆ ಕಮಾಂಡೋಗಳ ಮೂಟೆ ಹೊರುವ ನಾಲ್ಕಾರು ಹುಡುಗಿಯರು, ಅಷ್ಟೇ. ಸಿನಿಮಾಕ್ಕೆ ಏಳು ಆಸ್ಕರ್ ಬಂತು.

ಕಾಂಚನಬುರಿಯ ಯುದ್ಧ ಸ್ಮಶಾನದಲ್ಲಿ ಸುಮಾರು 7,000 ಕೈದಿಗಳ ಸಮಾಧಿಗಳಿವೆ, ಹುಲ್ಲು ಕತ್ತರಿಸಿ ಓರಣವಾಗಿಟ್ಟಿದ್ದಾರೆ. ಹೆಸರು, ದಳ, ವಯಸ್ಸು ಕೊರೆದಿದೆ. ಅದೇ ಊರಿನಲ್ಲಿ 1990ರಲ್ಲಿ ಒಂದು ಕಬ್ಬಿನ ಗದ್ದೆ ಅಗೆದಾಗ ನೂರಾರು ಜನರ ಮೂಳೆ ಸಿಕ್ಕಿತು, ಕೂಲಿಗಳದ್ದು. ಯಾರ ಹೆಸರೂ ಇಲ್ಲ. 2023ರಲ್ಲಿ ಅಲ್ಲಿನ ಒಂದು ಬೌದ್ಧ ದೇವಾಲಯದ ಅಂಗಳದಲ್ಲಿ ತಮಿಳರು ಸತ್ತ ತಮ್ಮವರಿಗಾಗಿ ಒಂದು ‘ನಡುಕಲ್’ ನೆಟ್ಟರು. ನಮ್ಮ ಕಡೆ ಅದನ್ನೇ ವೀರಗಲ್ಲು ಅಂತೀವಿ.